ಬಿಸಿಯಾದ ಮೇಲೆ ಸ್ಪಾರ್ಕ್ ಹೋಗುತ್ತದೆ, ಮೀಟರ್‌ನಲ್ಲಿ ಮಾತ್ರ ಎಲ್ಲ ಸರಿ ಇದೆ

ಪ್ರಶ್ನೆ
ನಮಸ್ಕಾರ. ನನ್ನದು ಕಾರ್ಬ್ಯುರೇಟರ್ ಇರುವ ಹಳೆಯ ಬೈಕು, ಡಿಸಿ ಸಿಡಿಐ (ಬ್ಯಾಟರಿ ಕರೆಂಟಿನಿಂದ ಸ್ಪಾರ್ಕ್ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ). ಅಪ್ಪ ಓಡಿಸಿದ ಗಾಡಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಕೀ ಆಫ್ ಮಾಡಿದ ಹಾಗೆ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಶುರು. ಪ್ಲಗ್ ಹೊಸದು. ಪೆಟ್ರೋಲ್ ಚೆನ್ನಾಗಿ ಇಳಿಯುತ್ತಿದೆ, ಟ್ಯಾಂಕ್ ಮುಚ್ಚಳ ಸಡಿಲ ಮಾಡಿದರೂ ಅದೇ ಕಥೆ.

ಮಲ್ಟಿಮೀಟರ್‌ನಲ್ಲಿ ಬ್ಯಾಟರಿ 12.6 ವೋಲ್ಟ್ ಬಂತು. ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನಲ್ಲಿ ಪ್ರೈಮರಿ (ಸಿಡಿಐ ಕಡೆಯ ಸುತ್ತು) 0.8 ಓಮ್. ಸೆಕೆಂಡರಿ (ಪ್ಲಗ್ ಕಡೆಯ ಸುತ್ತು) ಪ್ಲಗ್ ಕ್ಯಾಪ್ ಸೇರಿಸಿ 13.1 ಕಿಲೋ ಓಮ್, ಕ್ಯಾಪ್ ಬಿಚ್ಚಿದರೆ 8.2. ಪಲ್ಸರ್ ಕಾಯಿಲ್ (ಯಾವಾಗ ಸ್ಪಾರ್ಕ್ ಕೊಡಬೇಕು ಅಂತ ಸಿಡಿಐಗೆ ಸಿಗ್ನಲ್ ಕೊಡುವುದು) 210 ಓಮ್. ನನ್ನ ಮ್ಯಾನ್ಯುಯಲ್‌ನಲ್ಲಿ ಪ್ರೈಮರಿ 0.4ರಿಂದ 0.6 ಇರಬೇಕು ಅಂತಿದೆ, ಉಳಿದದ್ದೆಲ್ಲ ಮಿತಿಯೊಳಗೇ ಇದೆ. ಕಾಯಿಲ್ ಹೋಗಿದೆಯಾ? ಸಿಡಿಐ ಬದಲಾಯಿಸಿ ನೋಡು ಅನ್ನುತ್ತಾರೆ ಕೆಲವರು. ಸುಮ್ನೆ ಒಂದೊಂದೇ ಹೊಸದು ಹಾಕುತ್ತಾ ಹೋಗಲು ನನಗೆ ಮನಸ್ಸಿಲ್ಲ. ಯಾವುದು ಕೆಟ್ಟಿದೆ ಅಂತ ಗೊತ್ತಾಗಬೇಕು.

ಉತ್ತರ 1
ಮೊದಲು ಮೀಟರ್‌ನ ಎರಡು ಮುಳ್ಳನ್ನೂ ಒಂದಕ್ಕೊಂದು ತಾಗಿಸಿ ನೋಡಿ. 0.2, 0.3 ಬರುತ್ತದೆ. ಅದು ವೈರಿನದು. 0.8ರಲ್ಲಿ ಅದನ್ನು ಕಳೆಯಿರಿ, ನಿಮ್ಮ ಪ್ರೈಮರಿ ಸರಿಯಾಗಿಯೇ ಇದೆ.

ನೀವು ಅಳೆದದ್ದೆಲ್ಲ ಇಂಜಿನ್ ತಣ್ಣಗಿದ್ದಾಗ, ಅಲ್ವಾ ಸರ್? ತೊಂದರೆ ಬರುವುದು ಬಿಸಿಯಲ್ಲಿ. ಟೂಲ್ಸ್ ಜೊತೆಗಿಟ್ಟುಕೊಂಡು ಓಡಿಸಿ, ನಿಂತ ಕೂಡಲೇ ಅಳೆಯಿರಿ. ಮೊದಲು ಬೇರೊಂದು ಪ್ಲಗ್ ಕ್ಯಾಪ್‌ಗೆ ಹಾಕಿ, ಅದರ ಮೈ ಇಂಜಿನ್‌ಗೆ ಗಟ್ಟಿಯಾಗಿ ತಾಗಿಸಿ ಸೆಲ್ಫ್ ಹೊಡೆಯಿರಿ. ಇಂಜಿನ್‌ನಲ್ಲಿರುವ ಪ್ಲಗ್ ಬಿಚ್ಚಬೇಡಿ, ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ. ಸ್ಪಾರ್ಕ್ ಇಲ್ಲ ಅಂದರೆ ಸಿಡಿಐಗೆ ಬರುವ 12 ವೋಲ್ಟ್ ನೋಡಿ. ಆದರೆ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಬಿಚ್ಚಬೇಡಿ, ಹಿಂದಿನಿಂದ ಮುಳ್ಳು ತೂರಿಸಿ. ಬಿಚ್ಚಿ ಅಳೆದರೆ, ಒಂದೇ ಎಳೆಯಲ್ಲಿ ನಿಂತಿರುವ ವೈರ್ ಕೂಡ 12 ವೋಲ್ಟ್ ತೋರಿಸಿ ನಿಮ್ಮ ದಾರಿ ತಪ್ಪಿಸುತ್ತದೆ. ಲೋಡ್ ಬಿದ್ದಾಗಲೇ, ಅಂದರೆ ಕರೆಂಟ್ ಹರಿದಾಗಲೇ, ಅದರ ಬಣ್ಣ ಬಯಲಾಗುವುದು. ಆಮೇಲೆ ಪಲ್ಸರ್.

ಪ್ಲಗ್ ವೈರಿಗೆ ಮಾತ್ರ ಮೀಟರ್ ಹಿಡಿದು ಸೆಲ್ಫ್ ಹೊಡೆಯಬೇಡಿ. ಅಲ್ಲಿ ಬರುವುದು ಸಾವಿರಾರು ವೋಲ್ಟ್.

ಉತ್ತರ 2
ಒಂದು ಮಾತು ಸೇರಿಸುತ್ತೇನೆ. ಬಿಸಿಯಾದಾಗ ಪಲ್ಸರ್ ಓಮ್ ಸ್ವಲ್ಪ ಏರುವುದು ಸಹಜ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಶೇಕಡ ಜಾಸ್ತಿಯಾಗುತ್ತದೆ. 60 ಡಿಗ್ರಿ ಏರಿದರೆ ನಿಮ್ಮ 210 ಹೋಗಿ 260 ಆಗಬಹುದು. ಅದಕ್ಕೆ ಹೆದರಬೇಡಿ. ಒಮ್ಮೆಲೇ ಸಾವಿರ ದಾಟಿದರೆ, ಇಲ್ಲವೇ ಓಪನ್ (ತಂತಿ ಕಡಿದುಹೋದ ಹಾಗೆ) ತೋರಿಸಿದರೆ ಅದೇ ಕಳ್ಳ.

ಪ್ರಶ್ನೆ ಕೇಳಿದವನು
ಸಿಕ್ಕಿತು! ಇವತ್ತು 18 ನಿಮಿಷಕ್ಕೆ ನಿಂತಿತು. ಸ್ಪಾರ್ಕ್ ಇಲ್ಲ. ಸಿಡಿಐ ಕಪ್ಲರ್‌ನಲ್ಲಿ ಕೀ ಆನ್ ಮಾಡಿದಾಗ 12.3 ವೋಲ್ಟ್, ಅಂದರೆ ಕೀ, ಕಿಲ್ ಸ್ವಿಚ್ ಎರಡೂ ಸರಿ. ಪಲ್ಸರ್ ಓಪನ್. ನಡುವಿನ ವೈರಿನದೇ ತಪ್ಪಿರಬಹುದು ಅಂತ ಇಂಜಿನ್ ಪಕ್ಕದ ಕಪ್ಲರ್ ಬಿಚ್ಚಿ ಪಲ್ಸರ್ ಕಡೆಗೆ ಅಳೆದೆ. ಅಲ್ಲೂ ಓಪನ್. ವೈರ್ ಅಲ್ಲಾಡಿಸಿದರೂ ಬದಲಾಗಲಿಲ್ಲ. ಅಲ್ಲೇ ಕುಳಿತು ನೋಡುತ್ತಿದ್ದೆ. ಇಪ್ಪತ್ತೈದು ನಿಮಿಷಕ್ಕೆ ತಟ್ಟನೆ 236 ಬಂತು, ಸ್ಪಾರ್ಕ್ ಕೂಡ ಬಂತು. ಎಷ್ಟು ಖುಷಿಯಾಯಿತು ಗೊತ್ತಾ!

ಮನೆಗೆ ಬಂದು ಪಲ್ಸರ್ ಹೊರಗೆ ತೆಗೆದು ಹೇರ್ ಡ್ರೈಯರ್ ಹಿಡಿದೆ. ಮೂರೇ ನಿಮಿಷಕ್ಕೆ ಮತ್ತೆ ಓಪನ್. ಒಳಗೆ ಸುತ್ತಿದ ತಂತಿಯೇ ತುಂಡಾಗಿದೆ, ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತಿದೆ. ಸಿಡಿಐ ತರದೆ ಇದ್ದದ್ದು ಒಳ್ಳೆಯದಾಯಿತು.

ಉತ್ತರ 1
ತಣ್ಣಗಾಗುವವರೆಗೆ ಕಾದು ಅಳೆದಿರಲ್ಲ, ಅದು ದೊಡ್ಡ ಕೆಲಸ. ಹೊಸ ಪಲ್ಸರ್ ಕೂರಿಸುವಾಗ ಅದಕ್ಕೂ ರೋಟರ್ (ಇಂಜಿನ್ ಜೊತೆ ತಿರುಗುವ ಚಕ್ರ) ಮೇಲಿನ ಉಬ್ಬಿಗೂ ನಡುವಿನ ಗ್ಯಾಪ್ ಮ್ಯಾನ್ಯುಯಲ್‌ನಲ್ಲಿ ಇರುವಷ್ಟೇ ಇಡಿ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ. ವೈರ್ ರೋಟರ್‌ಗೆ ಉಜ್ಜದ ಹಾಗೆ ಕ್ಲಿಪ್ ಒಳಗೆ ಸಿಗಿಸಿ. ಮುಚ್ಚುವ ಮೊದಲು ಹೊಸದನ್ನೂ ಒಮ್ಮೆ ಬಿಸಿ ಮಾಡಿ ಅಳೆದುಬಿಡಿ.