‘ಡಾಕ್’: ಕೋರ್ಟಿನದು ಸಿಕ್ಕಿತು, ಹಡಗಿನದು ಸಿಗುತ್ತಿಲ್ಲ

ಗೆಳೆಯರೇ,

ಮೊದಲು ಈ ಮೂರು ಸಾಲು ನೋಡಿ. “ಅವನು ಡಾಕ್‌ನಲ್ಲಿ ಕೆಲಸಕ್ಕಿದ್ದ. ರಜೆ ಹೇಳದೆ ಊರಿಗೆ ಹೋಗಿದ್ದಕ್ಕೆ ಅವನ ಕೂಲಿ ಡಾಕ್ ಮಾಡಿದರು. ಜಗಳ ಹೊಡೆದಾಟಕ್ಕೆ ತಿರುಗಿ, ಕೊನೆಗೆ ಅವನೇ ಡಾಕ್‌ನಲ್ಲಿ ನಿಂತ.”

ಇಂಗ್ಲಿಷ್‌ನಲ್ಲಿ ಮೂರೂ ಕಡೆ ಅದೇ ಮಾತು, ಅದೇ ಕಾಗುಣಿತ. ಮುಂಬೈ ಬಂದರಿನಲ್ಲಿ ಟ್ಯಾಲಿ ಕ್ಲರ್ಕ್ (ಹಡಗಿನ ಸರಕು ಎಣಿಸಿ ಲೆಕ್ಕ ಬರೆಯುವವರು) ಆಗಿದ್ದ ನಮ್ಮ ಕಡೆಯ ಹಿರಿಯರೊಬ್ಬರು ತಮ್ಮ ನೆನಪುಗಳನ್ನು ಇಂಗ್ಲಿಷ್‌ನಲ್ಲಿ ಬರೆದಿಟ್ಟಿದ್ದಾರೆ. ಸಂಘದ ಸ್ಮರಣ ಸಂಚಿಕೆಗೆ ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೇಲಿನದು ಅದರ ಒಂದು ಪ್ಯಾರಾದ ಸಾರ. ಎರಡು ಡಾಕ್‌ಗಳಿಗೆ ಕನ್ನಡ ಸಿಕ್ಕಿತು. ಮೊದಲನೆಯದಕ್ಕೆ ಸಿಗುತ್ತಿಲ್ಲ. ಮುಂಬೈಯವರಿಗೆ ಎಲ್ಲಕ್ಕಿಂತ ಹತ್ತಿರದ್ದು ಅದೇ ಅನ್ನೋದು ತಮಾಷೆ.

ಒಳ್ಳೆಯ ಇಂಗ್ಲಿಷ್ ನಿಘಂಟು ತೆಗೆದರೆ ಡಾಕ್ ಒಂದೇ ಮಾತಿನ ಹಲವು ಅರ್ಥಗಳಾಗಿ ಕಾಣುವುದಿಲ್ಲ. ಬೇರೆ ಬೇರೆ ನಮೂದುಗಳಾಗಿ, ತಲೆಯ ಮೇಲೆ ಪುಟ್ಟ ಅಂಕಿ ಹೊತ್ತುಕೊಂಡು ಕಾಣುತ್ತದೆ. ಅಂದರೆ ಇವು ಒಂದೇ ಮನೆಯ ಮಕ್ಕಳಲ್ಲ. ಬೇರೆ ಬೇರೆ ಊರಿನಿಂದ ಬಂದು ಒಂದೇ ಹೆಸರು ಇಟ್ಟುಕೊಂಡವರು.

ಕೂಲಿಯದ್ದು ಸುಲಭ. ಪ್ರಾಣಿಯ ಬಾಲದಲ್ಲಿ ಮಾಂಸ ಇರುವ ಗಟ್ಟಿ ಭಾಗಕ್ಕೆ ಹಳೆಯ ಇಂಗ್ಲಿಷ್‌ನಲ್ಲಿ ಡಾಕ್ ಅನ್ನುತ್ತಿದ್ದರು. ಅದನ್ನು ಕತ್ತರಿಸಿ ಮೋಟು ಮಾಡುವುದೂ ಡಾಕ್ ಆಯಿತು. ಗಾಡಿಯ ಕುದುರೆಗಳಿಗೆ ಹೀಗೆ ಮಾಡುವ ರೂಢಿ ಅಲ್ಲಿ ಎಷ್ಟು ಬೆಳೆದಿತ್ತೆಂದರೆ, ಬ್ರಿಟನ್ನಿನಲ್ಲಿ 1949ರಲ್ಲಿ ಕಾನೂನು ತಂದು ತಡೆಯಬೇಕಾಯಿತು. ಬಾಲದಿಂದ ಸಂಬಳಕ್ಕೆ ಬರುವುದು ಕಷ್ಟವೇನಲ್ಲ. ನಾವೂ ‘ಸಂಬಳಕ್ಕೆ ಕತ್ತರಿ ಬಿತ್ತು’ ಅನ್ನುತ್ತೇವಲ್ಲ! ಜಾಸ್ತಿ ಹಾರಾಡುವವನ ಬಾಲ ಕತ್ತರಿಸುವ ಮಾತೂ ನಮ್ಮಲ್ಲಿದೆ. ಹಾಗಾಗಿ ‘ಕೂಲಿಗೆ ಕತ್ತರಿ ಹಾಕಿದರು’ ಅಂತ ಬರೆದು ಮುಂದೆ ಹೋದೆ. ಇಲ್ಲಿನ ‘ಖಾಡಾ’ ಬಳಸೋಣ ಅಂತ ಒಬ್ಬರು ಹೇಳಿದರು. ಮರಾಠಿಯಲ್ಲಿ ಖಾಡಾ ಅಂದರೆ ಕೆಲಸಕ್ಕೆ ಬಾರದ ದಿನ. ಪುಣೆಯ ಮೆಸ್‌ಗಳಲ್ಲಿ ಉಣ್ಣದೆ ಬಿಟ್ಟ ಊಟವೂ ಖಾಡಾನೇ. ಚೆಂದದ ಮಾತು. ಆದರೆ ಅದು ಗೈರುಹಾಜರಿಯ ಲೆಕ್ಕ, ಕಡಿತದ ಲೆಕ್ಕ ಅಲ್ಲ. ಬಿಟ್ಟೆ.

ಕೋರ್ಟಿನ ಡಾಕ್ ನೋಡುವಾಗ ಮಾತ್ರ ಖುಷಿಯಾಯಿತು. ಆರೋಪಿಯನ್ನು ನಿಲ್ಲಿಸುವ ಜಾಗ ಅದು. ಅದರ ಬೇರು ಫ್ಲೆಮಿಶ್ ಭಾಷೆಯ ‘ಡೊಕ್’ ಅನ್ನುತ್ತಾರೆ ನಿಘಂಟುಕಾರರು. ಕೋಳಿಯನ್ನೋ ಮೊಲವನ್ನೋ ಕೂಡಿಹಾಕುವ ಗೂಡು, ಪಂಜರ ಅಂತ ಅರ್ಥ. 16ನೇ ಶತಮಾನದ ಕೊನೆಗೆ ಇಂಗ್ಲಿಷ್‌ಗೆ ಬಂತು. ಮೊದಮೊದಲು ಕಳ್ಳಕಾಕರ ಆಡುಮಾತಾಗಿದ್ದಿರಬೇಕು ಅಂತ ಅವರ ಊಹೆ. ಒಳಗೆ ನಿಂತವನಿಗೇ ಅಲ್ವಾ ಅದು ಗೂಡಿನಂತೆ ಕಾಣುವುದು!

ಈಗ ಇಲ್ಲಿನ ಮರಾಠಿ ಪತ್ರಿಕೆ ತೆಗೆಯಿರಿ. ಅಲ್ಲಿ ಆರೋಪಿ ನಿಲ್ಲುವುದು ‘ಪಿಂಜರಾ’ದಲ್ಲಿ. ಸಾಕ್ಷಿದಾರನಿಗೂ ಪಿಂಜರಾನೇ. ಫ್ಲೆಮಿಶ್‌ನ ಗಾಳಿಯೇ ಸೋಕದ ಮರಾಠಿ ಅದೇ ಪಂಜರವನ್ನು ತಾನಾಗಿಯೇ ಹುಡುಕಿಕೊಂಡಿದೆ. ನಮ್ಮ ‘ಕಟಕಟೆ’ಗೆ ಅಷ್ಟು ಕೋಪ ಇಲ್ಲ. ಅದು ಮರದ ಅಡ್ಡಪಟ್ಟಿಗಳ ಬೇಲಿ ಅಷ್ಟೇ, ಕೈ ಊರಿ ನಿಲ್ಲಬಹುದು. ಒಂದು ಎಚ್ಚರ ಬೇಕು. ಇಂಗ್ಲಿಷ್‌ನಲ್ಲಿ ಆರೋಪಿಯ ಜಾಗವೇ ಬೇರೆ, ಸಾಕ್ಷಿಯ ಜಾಗವೇ ಬೇರೆ, ಎರಡಕ್ಕೂ ಹೆಸರೂ ಬೇರೆ. ಕನ್ನಡದಲ್ಲಿ ಇಬ್ಬರೂ ನಿಲ್ಲುವುದು ಕಟಕಟೆಯಲ್ಲೇ. ನಮ್ಮ ಟ್ಯಾಲಿ ಕ್ಲರ್ಕ್ ಮುಂದಿನ ಪುಟದಲ್ಲಿ ತಾವೇ ಸಾಕ್ಷಿ ಹೇಳಲು ಹೋಗುತ್ತಾರೆ. ಸುಮ್ನೆ ‘ಕಟಕಟೆ’ ಅಂತ ಬರೆದರೆ ಅವರೂ ಆರೋಪಿಯೇನೋ ಅನ್ನಿಸೀತು. ಅದಕ್ಕೆ ‘ಆರೋಪಿಯ ಕಟಕಟೆ’, ‘ಸಾಕ್ಷಿಯ ಕಟಕಟೆ’ ಅಂತ ಬಿಡಿಸಿ ಬರೆದೆ.

ನನ್ನ ಹಸ್ತಪ್ರತಿಯಲ್ಲಿ ಇಲ್ಲದ ಇನ್ನೊಂದು ಡಾಕ್ ಇದೆ. ಇದ್ದಿದ್ದರೆ ಚೆನ್ನಾಗಿತ್ತು. ಅದೊಂದು ಗಿಡ. ಹೆಸರು ಹಳೆಯ ಇಂಗ್ಲಿಷ್‌ನ ‘ಡೊಕೆ’ಯಿಂದ ಬಂದದ್ದು. ಹಡಗಿಗೂ ಬಾಲಕ್ಕೂ ಸಂಬಂಧ ಇಲ್ಲ. ಸಸ್ಯಶಾಸ್ತ್ರದವರು ಈ ಕುಲಕ್ಕೆ ರೂಮೆಕ್ಸ್ ಅನ್ನುತ್ತಾರೆ. ಇಂಗ್ಲೆಂಡಿನ ಗದ್ದೆ ಬದುಗಳಲ್ಲಿ ಕಳೆಯ ಹಾಗೆ ಬೆಳೆಯುತ್ತದೆ. ಅಲ್ಲಿ ಮಕ್ಕಳಿಗೆ ತುರಿಕೆ ಗಿಡ ತಾಗಿದರೆ ಡಾಕ್ ಎಲೆ ಕಿತ್ತು ಉಜ್ಜುವುದು ಹಳೆಯ ಮನೆಮದ್ದು.

ಇದರ ನೆಂಟ ದಾದರ್ ಮಾರ್ಕೆಟ್ಟಿನಲ್ಲಿ ದಿನಾ ಸಿಗುತ್ತಾನೆ. ಮರಾಠಿಯಲ್ಲಿ ಚುಕಾ ಅಥವಾ ಅಂಬಟ್ ಚುಕಾ, ನಮ್ಮಲ್ಲಿ ಚುಕ್ಕೆ ಸೊಪ್ಪು. ಅದೂ ರೂಮೆಕ್ಸ್ ಕುಲದ್ದೇ. ತಿಳಿಹಸಿರು ಎಲೆ, ಮುಟ್ಟಿದರೆ ಮೆತ್ತಗೆ, ದಂಟು ನೀರು ತುಂಬಿದ ಹಾಗೆ. ಒಂದೆಲೆ ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುವ ಹುಳಿ. ಮರಾಠಿ ಮದುವೆ ಊಟದಲ್ಲಿ ಕೆಸುವಿನ ಎಲೆಯ ತೆಳ್ಳನೆಯ ಭಾಜಿ ಬಡಿಸುತ್ತಾರಲ್ಲ, ಕಡಲೆಬೇಳೆ, ಶೇಂಗಾ ಹಾಕಿದ್ದು, ಅದಕ್ಕೆ ಚುಕಾ ಸೇರಿಸುತ್ತಾರೆ. ಯಾಕೆ? ಕೆಸುವಿನ ತುರಿಕೆ ಗಂಟಲಿಗೆ ಹತ್ತದಿರಲಿ ಅಂತ. ನಾವು ಪತ್ರೊಡೆಗೆ ಹುಣಸೆಹುಳಿ ಹಾಕುವುದೂ ಇದೇ ಕಾರಣಕ್ಕೆ. ಅಲ್ಲಿ ಚರ್ಮದ ತುರಿಕೆಗೆ ಡಾಕ್, ಇಲ್ಲಿ ಗಂಟಲಿನ ತುರಿಕೆಗೆ ಅದರ ತಂಗಿ. ಅನುವಾದದಲ್ಲಿ ಡಾಕ್ ಎಲೆ ಬಂದರೆ ‘ಕಾಡು ಚುಕ್ಕೆ’ ಅಂದರೆ ಸಾಕು ಅಂತ ನನ್ನ ಮತ. ಒಪ್ಪದವರು ಹೇಳಿ.

ಇನ್ನು ಹಡಗಿನ ಡಾಕ್. ಇದು ಹಳೆಯ ಡಚ್ ಅಥವಾ ಉತ್ತರ ಜರ್ಮನಿ ಕಡೆಯ ಮಾತಿನಿಂದ ಇಂಗ್ಲಿಷ್‌ಗೆ ಬಂದದ್ದು. ಕೋರ್ಟಿನ ಡಾಕ್ ಕೂಡ ಯುರೋಪಿನ ಅದೇ ಮೂಲೆಯದ್ದು, ಆದರೂ ನಿಘಂಟು ಎರಡನ್ನೂ ಬೇರೆಯೇ ಇಡುತ್ತದೆ. ಲ್ಯಾಪ್‌ಟಾಪ್ ಸಿಕ್ಕಿಸುವ ಡಾಕ್, ಇಸ್ರೋದ ಎರಡು ಸ್ಪೇಡೆಕ್ಸ್ ಉಪಗ್ರಹಗಳು 2025ರ ಜನವರಿ 16ರಂದು ಮಾಡಿದ ಡಾಕಿಂಗ್, ಇವೆಲ್ಲ ಈ ಹಡಗಿನ ಡಾಕ್‌ನ ಮರಿಗಳು. ಹೊಸ ಮಾತುಗಳಲ್ಲ. ಅಲ್ಲಿ ‘ಜೋಡಣೆ’ ಅಂದರೆ ಕೆಲಸ ನಡೆಯುತ್ತದೆ. ತೊಡಕು ಇರುವುದು ಮೂಲದಲ್ಲೇ.

ಡಾಕ್ ಅಂದರೆ ನಮ್ಮ ಕಣ್ಣಿಗೆ ಬರುವುದು ಕಲ್ಲಿನ ಕಟ್ಟೆ, ಕ್ರೇನು, ಗೋಣಿಮೂಟೆ. ಆದರೆ ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಡಾಕ್ ಕಟ್ಟೆಯಲ್ಲ. ಕಟ್ಟೆಗಳ ನಡುವೆ ಹಿಡಿದಿಟ್ಟ ನೀರು. ಅಮೆರಿಕದವರು ನೀರಿಗೆ ಚಾಚಿದ ಹಲಗೆಯ ಅಟ್ಟಣೆಗೂ ಡಾಕ್ ಅನ್ನುತ್ತಾರೆ. ಮುಂಬೈಗೆ ಬಂದದ್ದು ಬ್ರಿಟಿಷರ ಡಾಕ್. ಇಲ್ಲಿನ ಸಮುದ್ರದಲ್ಲಿ ದೊಡ್ಡ ಭರತದ ದಿನ ನೀರು 4-5 ಮೀಟರ್ ಏರಿಳಿಯುತ್ತದೆ. ಬಯಲಿನಲ್ಲಿ ನಿಂತ ಹಡಗು ನೀರಿನ ಜೊತೆ ಏರಿ ಇಳಿದರೆ ಸಾಮಾನು ಇಳಿಸುವುದು ಹೇಗೆ? ಅದಕ್ಕೆ ಸುತ್ತ ಗೋಡೆ ಕಟ್ಟಿ, ಬಾಗಿಲು ಇಟ್ಟು, ಭರತದಲ್ಲಿ ಹಡಗನ್ನು ಒಳಗೆ ತೆಗೆದುಕೊಂಡು ಬಾಗಿಲು ಮುಚ್ಚುವುದು. ಹೊರಗೆ ಇಳಿತ ಆದರೂ ಒಳಗಿನ ನೀರು ಇಳಿಯುವುದಿಲ್ಲ. 1880ರ ಪ್ರಿನ್ಸಸ್ ಡಾಕ್, 1888ರ ವಿಕ್ಟೋರಿಯಾ ಡಾಕ್, 1914ರ ಅಲೆಕ್ಸಾಂಡ್ರಾ ಡಾಕ್ (ಈಗಿನ ಇಂದಿರಾ ಡಾಕ್) ಇದೇ ಜಾತಿಯವು. ಇನ್ನು ಡ್ರೈ ಡಾಕ್ ಇದರ ಉಲ್ಟಾ: ಹಡಗನ್ನು ಒಳಗೆ ತಂದು, ನೀರು ಹೊರಗೆ ಹಾಕಿ, ತಳ ರಿಪೇರಿ ಮಾಡುವುದು.

ಇದರಿಂದ ನನ್ನ ಕಷ್ಟ ಏನು ಅಂತ ಒಂದು ವಾಕ್ಯದಲ್ಲಿ ತೋರಿಸುತ್ತೇನೆ. 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕಿನ್ ಎಂಬ ಹಡಗು ವಿಕ್ಟೋರಿಯಾ ಡಾಕ್‌ನಲ್ಲಿ ಸಿಡಿಯಿತು. ನೂರಾರು ಜನ ಸತ್ತರು. ಹತ್ತಿ, ಸಿಡಿಮದ್ದು, ಚಿನ್ನದ ಗಟ್ಟಿ ಎಲ್ಲ ಒಂದೇ ಹಡಗಿನಲ್ಲಿತ್ತು. ನಮ್ಮ ಹಿರಿಯರು ಇದನ್ನು ತಮ್ಮ ಮೇಲಿನವರಿಂದ ಕೇಳಿ ಬರೆದಿದ್ದಾರೆ. ‘ಹಡಗುಕಟ್ಟೆಯಲ್ಲಿ ಸಿಡಿಯಿತು’ ಅಂದರೆ ಹಡಗು ಕಟ್ಟೆ ಹತ್ತಿದ ಹಾಗಾಗುತ್ತದೆ. ಪತ್ರಿಕೆಗಳ ‘ನೌಕಾಂಗಣ’ ಡಾಕ್‌ಯಾರ್ಡಿಗೆ ಹೊಂದುತ್ತದೆ, ಒಪ್ಪಿದೆ. ವಾಡಿಯಾ ಮನೆತನದವರು 1817ರಲ್ಲಿ ಟ್ರಿಂಕೋಮಲಿ ಎಂಬ ತೇಗದ ಯುದ್ಧಹಡಗು ಕಟ್ಟಿ ನೀರಿಗಿಳಿಸಿದ್ದು ಇಲ್ಲಿನ ಡಾಕ್‌ಯಾರ್ಡಿನಲ್ಲೇ. ಅದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಈಗಲೂ ಇದೆ. ಅಂಥ ಜಾಗವನ್ನು ನೌಕಾಂಗಣ ಅನ್ನಿ. ಆದರೆ ಅಂಗಣ ಒಣ ನೆಲ. ಅಲ್ಲಿ ನೀರು ಎಲ್ಲಿದೆ?

ಕರಾವಳಿಯವರು ಇಷ್ಟು ಓದುವ ಹೊತ್ತಿಗೆ ‘ದಕ್ಕೆ ಇದೆಯಲ್ಲ ಮಾರಾಯ್ರೆ’ ಅಂದಿರುತ್ತೀರಿ. ಇದೆ. ಮಂಗಳೂರಿನಲ್ಲಿ ಮೀನಿನ ದಕ್ಕೆ, ಮಲ್ಪೆಯಲ್ಲೂ ದಕ್ಕೆ. ಮುಂಬೈಯಲ್ಲೂ ಅದರ ಜೋಡಿ ಇದೆ: ಭಾವೂಚಾ ಧಕ್ಕಾ. ಇಂಗ್ಲಿಷ್‌ನವರು ಅದಕ್ಕೆ ಇಟ್ಟ ಹೆಸರು ಫೆರ್ರಿ ವಾರ್ಫ್, ಡಾಕ್ ಅಲ್ಲ. ಅವರು ಸರಿಯಾಗೇ ಇಟ್ಟಿದ್ದಾರೆ. ದಕ್ಕೆ ಅಂದರೆ ದೋಣಿ ಬಂದು ತಾಗುವ ಅಂಚು. ಅದೇ ಕೊಲಾಬಾ ಕಡೆ ಸಾಸೂನ್ ಡಾಕ್‌ಗೆ ಹೋಗಿ. 1875ರದ್ದು, ಈಗ ಮೀನಿನದ್ದೇ ರಾಜ್ಯ. ಅಲ್ಲಿ ನಿಂತರೆ ಎರಡೂ ಒಟ್ಟಿಗೆ ಕಾಣುತ್ತವೆ. ಬುಟ್ಟಿ ಇಳಿಯುವ ಕಲ್ಲಂಚು ದಕ್ಕೆ. ದೋಣಿಗಳು ಒಂದಕ್ಕೊಂದು ಮೈ ತಾಗಿಸಿ ನಿಂತ ಆ ಕಪ್ಪು ನೀರು ಡಾಕ್. ಬರವಣಿಗೆಯಲ್ಲಿ ಇನ್ನೊಂದು ತೊಂದರೆ. ಬಹಳ ಜನ ಅದನ್ನು ‘ಧಕ್ಕೆ’ ಅಂತ ಬರೆಯುತ್ತಾರೆ. ‘ವಿಕ್ಟೋರಿಯಾ ಧಕ್ಕೆ’ ಅಂದರೆ ಘಟ್ಟದ ಮೇಲಿನ ಓದುಗ, ರಾಣಿಯ ಗೌರವಕ್ಕೆ ಏನಾಯಿತಪ್ಪಾ ಅಂದುಕೊಳ್ಳುತ್ತಾನೆ.

ಹಾಗಾದರೆ ಉಳಿದದ್ದು ಇಲ್ಲಿನವರ ಮಾತು: ಗೋದಿ. ಮರಾಠಿ, ಗುಜರಾತಿ, ಹಿಂದಿ ಮೂರರಲ್ಲೂ ಡಾಕ್‌ಗೆ ಗೋದಿ. ನೇವಲ್ ಡಾಕ್‌ಯಾರ್ಡ್ ಮರಾಠಿಯಲ್ಲಿ ನೌದಲ್ ಗೋದಿ. ಡಾಕ್ ಕಾರ್ಮಿಕ ಗೋದಿ ಕಾಮಗಾರ್. ಹಿಂದಿಯಲ್ಲಿ ಗೋದಿ ಅಂದರೆ ಮಡಿಲು ಕೂಡ. ಗೋಡೆಗಳ ನಡುವೆ ಹಡಗನ್ನು ಹಿಡಿದಿಟ್ಟ ನೀರಿಗೆ ಇದಕ್ಕಿಂತ ಒಪ್ಪುವ ಚಿತ್ರ ಬೇಕಾ? ನನಗಂತೂ ಇದೇ ಇಷ್ಟ. ಬಂದರಿನ ಪಕ್ಕದ ದೊಡ್ಡ ರಸ್ತೆಗೆ ಹೆಸರಾದ ಪಿ. ಡಿಮೆಲ್ಲೊ ನಮ್ಮ ಕರಾವಳಿಯಿಂದ ಬಂದು ಗೋದಿ ಕಾರ್ಮಿಕರ ನಾಯಕರಾದವರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂಬೈಗೆ ಬಂದು ಕೂಡಿಕೊಂಡದ್ದು ಅವರನ್ನೇ. ಅಂದಮೇಲೆ ಆ ಮಾತು ನಮ್ಮವರ ಬಾಯಲ್ಲಿ ಓಡಾಡಿರಲೇಬೇಕು.

ತೊಂದರೆ ಒಂದೇ. ಕನ್ನಡದಲ್ಲಿ ‘ಗೋದಿ ಕಾರ್ಮಿಕರು’ ಅಂತ ಬರೆದರೆ ಹಿಟ್ಟಿನ ಗಿರಣಿ ನೆನಪಾಗುತ್ತದೆ. ಬರೆಯುವಾಗ ದ, ಧ ವ್ಯತ್ಯಾಸ ಇದೆ, ಸರಿ. ಆದರೆ ಮಾತಿನಲ್ಲಿ ನಮ್ಮಲ್ಲಿ ಎಷ್ಟು ಜನ ಗೋಧಿಯ ಧ ಒತ್ತಿ ಹೇಳುತ್ತಾರೆ? ಹಸ್ತಪ್ರತಿಯಲ್ಲೋ ಇದಕ್ಕಿಂತ ಮಜಾ. 1956ರ ಪಿಎಲ್-480 ಒಪ್ಪಂದದಲ್ಲಿ ಅಮೆರಿಕದ ಧಾನ್ಯ ಹಡಗುಗಟ್ಟಲೆ ಬಂತಲ್ಲ, ಅದರ ಮೇಲೆ ಒಂದು ಅಧ್ಯಾಯವೇ ಇದೆ. ‘ಗೋದಿಯಲ್ಲಿ ಹಗಲೂ ರಾತ್ರಿ ಗೋಧಿ ಇಳಿಸಿದರು’ ಅಂತ ಬರೆದು, ಅಳಿಸಿ, ಮತ್ತೆ ಬರೆದು ಕೂತಿದ್ದೇನೆ. ಹಾಗಂತ ‘ಡಾಕ್’ ಅಂತಲೇ ಬಿಡೋಣ ಅಂದರೆ, ಕನ್ನಡ ಲಿಪಿಯಲ್ಲಿ ಅದು ಹಿಂದಿಯ ಅಂಚೆಯ ಡಾಕ್ ಕೂಡ ಹೌದು. ಮರಾಠಿಯವರು ಅಕ್ಷರದ ಮೇಲೊಂದು ಚಂದ್ರ ಇಟ್ಟು ಬಚಾವಾಗುತ್ತಾರೆ. ನಮ್ಮ ರೂಢಿಯ ಬರಹದಲ್ಲಿ ಆ ಸೌಕರ್ಯ ಇಲ್ಲ. ‘ಹಡಗುಗೊಳ’, ‘ಹಡಗುಮಡು’ ಅಂತ ಹೊಸದಾಗಿ ಕಟ್ಟಬಹುದು. ಆದರೆ ಟ್ಯಾಲಿ ಕ್ಲರ್ಕ್ ಬಾಯಲ್ಲಿ ‘ಹಡಗುಮಡುವಿನಲ್ಲಿ ನನಗೆ ರಾತ್ರಿ ಪಾಳಿ’ ಅಂತ ಹೇಳಿಸುವ ಧೈರ್ಯ ನನಗಿಲ್ಲ.

ಹಾಗಾಗಿ ನಿಮಗೆ ಎರಡು ಪ್ರಶ್ನೆ. ಮುಂಬೈಯ ಮೊಗವೀರ, ಬಂಟ, ಬಿಲ್ಲವ, ಕ್ರೈಸ್ತ ಮನೆಗಳಲ್ಲಿ ಬಂದರಿನ ಕೆಲಸಕ್ಕೆ ಹೋಗುತ್ತಿದ್ದ ಅಜ್ಜಂದಿರು, ದೊಡ್ಡಪ್ಪಂದಿರು ಮನೆಯಲ್ಲಿ ಏನನ್ನುತ್ತಿದ್ದರು? ಗೋದಿಗೆ ಹೋಗುತ್ತೇನೆ ಅಂತಲೋ, ಡಾಕಿಗೆ ಅಂತಲೋ, ದಕ್ಕೆಗೆ ಅಂತಲೋ? ತುಳು, ಕೊಂಕಣಿಯಲ್ಲಿ ಅಂದಿದ್ದರೂ ಪರವಾಗಿಲ್ಲ, ಅಂದ ಹಾಗೇ ಬರೆಯಿರಿ. ಎರಡನೆಯದು ಪಣಂಬೂರಿನವರಿಗೆ. ನವಮಂಗಳೂರು ಬಂದರು ನೆಲ ಅಗೆದು ಮಾಡಿದ್ದು, ಹಡಗು ಒಳಗೆ ಬಂದು ನಿಲ್ಲುತ್ತದೆ. ಹಡಗು ನಿಂತ ಆ ನೀರಿಗೆ ಅಲ್ಲಿ ಕೆಲಸ ಮಾಡುವವರು ಏನನ್ನುತ್ತಾರೆ? ಕಚೇರಿಯ ಕಾಗದದ ಮಾತು ಬೇಡ, ಊಟದ ಹೊತ್ತಿನ ಮಾತು ಬೇಕು.

ಸಂಚಿಕೆ ಚೌತಿ ಮುಗಿದ ಮೇಲೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಏನೂ ಸಿಗದಿದ್ದರೆ ‘ಗೋದಿ’ಯೇ ಉಳಿಯುತ್ತದೆ. ಆಗ ಗೋಧಿಯ ಅಧ್ಯಾಯದಲ್ಲಿ ಮಾತ್ರ ಅದನ್ನು ‘ಬಂದರು’ ಅಂತ ಮಾಡಿಬಿಡುತ್ತೇನೆ.