ಪದ ಬೇಕು: ‘ಸೆಲ್ ವಾಷರ್’, ‘ಇನ್‌ಬಿಟ್ವೀನರ್’ (ಇಂದು ಸಂಜೆಯೊಳಗೆ)

ಬಳಗಕ್ಕೆ ನಮಸ್ಕಾರ. ಪ್ರದರ್ಶನವೊಂದರ ಫಲಕಕ್ಕೆ ಅಮೆರಿಕದ ಕಾರ್ಟೂನ್ ಚಲನಚಿತ್ರಗಳ ನಿರ್ದೇಶಕ ಚಕ್ ಜೋನ್ಸ್ ಪರಿಚಯ ಬರೆಯುತ್ತಿದ್ದೇನೆ. ರೋಡ್ ರನ್ನರ್ ಹಕ್ಕಿಯನ್ನೂ ಅದರ ಬೆನ್ನಟ್ಟಿ ಪ್ರಪಾತಕ್ಕೆ ಬೀಳುವ ಕಯೋಟಿಯನ್ನೂ (ತೋಳದಂಥ ಪ್ರಾಣಿ) 1949ರಲ್ಲಿ ತೆರೆಗೆ ತಂದವರು. 1938ರಲ್ಲಿ ನಿರ್ದೇಶಕರಾದದ್ದು, 1996ರ ಗೌರವ ಆಸ್ಕರ್ ಎಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ತೊಡಕಿರುವುದು ಮೊದಲ ಕೆಲಸಗಳಲ್ಲಿ. ಅಬ್ ಐವರ್ಕ್ಸ್ ಸ್ಟುಡಿಯೋದಲ್ಲಿ ಅವರು ಸೆಲ್ ವಾಷರ್ ಆಗಿ ಸೇರಿ, ಬಣ್ಣ ತುಂಬಿ, ಶಾಯಿಗೆರೆ ಎಳೆದು, ಇನ್‌ಬಿಟ್ವೀನರ್ ಆದರು. ‘ಸೆಲ್ ತೊಳೆಯುವವರು’ ಎಂದು ಬರೆದೆ. ಮನೆಯವರು ಓದಿ, ‘ಟಾರ್ಚಿನ ಸೆಲ್ ಯಾರಾದರೂ ತೊಳೆಯುತ್ತಾರೆಯೇ?’ ಎಂದರು.

ಉತ್ತರ: ‘ಸೆಲ್ಯುಲಾಯ್ಡ್ ಹಾಳೆ ತೊಳೆಯುವವರು’ ಎನ್ನಿ. ಚಿತ್ರೀಕರಣ ಮುಗಿದ ಹಾಳೆಯ ಶಾಯಿ, ಬಣ್ಣ ತೊಳೆದು ಮತ್ತೆ ಬಳಸುತ್ತಿದ್ದರು. ಎರಡನೆಯದಕ್ಕೆ ‘ನಡುಚಿತ್ರಕಾರ’.

ಉತ್ತರ: ನಡುಚಿತ್ರವೆಂದರೆ ಸೊಂಟದ ಚಿತ್ರ. ಬೇಡ. ಮೊಲದ ಕಿವಿ ನೆಟ್ಟಗಿರುವ ಚಿತ್ರವೊಂದನ್ನು, ಜೋತುಬಿದ್ದ ಚಿತ್ರವೊಂದನ್ನು ಹಿರಿಯ ಕಲಾವಿದ ಬರೆದುಕೊಡುತ್ತಾನೆ. ಕಿವಿ ಬಾಗುತ್ತ ಬರುವ ಚಿತ್ರಗಳನ್ನು ಸಹಾಯಕ ತುಂಬುತ್ತಾನೆ. ಇದು ಅವಧಾನದ ಸಮಸ್ಯಾಪೂರಣದಂಥ ಕೆಲಸ. ಆದ್ದರಿಂದ ‘ಪೂರಣಕಾರ’.

ಉತ್ತರ: ಮತ್ತೆ ಸಂಸ್ಕೃತ! ‘ಎಡೆಗೆರೆಗಾರ’ ಇದೆಯಲ್ಲ. ಎಡೆ ನಮ್ಮದು, ಗೆರೆ ನಮ್ಮದು.

ಉತ್ತರ: ಎಡೆ ಹಾಕುವುದು ಮಾರ್ನಾಮಿಗೆ. ಪೂರಣವೇ ನಮ್ಮ ಬಾಯಲ್ಲಿ ಹೂರಣವಾಗಿದೆ, ಪಕಾರ ಹಕಾರವಾದ ಬಗೆ ತಮಗೆ ಗೊತ್ತು. ಹಾಗಿದ್ದರೆ ‘ಹೂರಣಗಾರ’ ಎನ್ನೋಣವೇ?

ಉತ್ತರ: ತಮಾಷೆ ಸಾಕು. ಎರವಲು ಬೇಡವೆನ್ನುವವರು ಮೊದಲು ಕಾಗದ ಬಿಡಲಿ, ಅದು ಪಾರಸಿಯದು. ಕುರ್ಚಿಯಿಂದಲೂ ಏಳಲಿ, ಅದು ಅರಬ್ಬಿಯದು. ‘ಇನ್‌ಬಿಟ್ವೀನರ್’ ಎಂದೇ ಬರೆಯಿರಿ. ಆ ಕೆಲಸ ಮಾಡುವ ಹುಡುಗರು ಬೇರೆ ಮಾತು ಆಡುವುದನ್ನು ನಾನಂತೂ ಕೇಳಿಲ್ಲ.

ಉತ್ತರ: ಹುಡುಗರು ಆಡಿದ್ದೇ ಕನ್ನಡವಾದರೆ ಈ ಬಳಗ ಏಕೆ?

ಕೇಳಿದವನು: ಎಲ್ಲರಿಗೂ ವಂದನೆ. ಮುದ್ರಣದವರು ಎರಡು ಬಾರಿ ಕರೆ ಮಾಡಿದರು. ‘ನಡುವಣ ಚಿತ್ರಗಳನ್ನು ಬರೆಯುವ ಸಹಾಯಕ’ ಎಂದು ಕಳುಹಿಸಿಬಿಟ್ಟೆ. ಒಂದು ಪದಕ್ಕೆ ನಾಲ್ಕು ಪದವಾಯಿತು, ಸೊಂಟವಂತೂ ತಪ್ಪಿತು. ಜೋನ್ಸರನ್ನು ‘ವ್ಯಂಗ್ಯಚಿತ್ರಕಾರ’ ಎಂದು ಯಾರೋ ತಿದ್ದಿದ್ದನ್ನೂ ಹೊಡೆದುಹಾಕಿದೆ. ಆ ಮಾತು ಪತ್ರಿಕೆಯಲ್ಲಿ ಮಂತ್ರಿಗಳ ಮೂಗು ಬರೆಯುವವರಿಗೆ ಇರಲಿ.

ಉತ್ತರ: ನಡುವಣ ಸರಿ. ‘ಸಹಾಯಕ’ ಯಾವ ಊರಿನ ಕನ್ನಡ?