ನೀರಲ್ಲಿ ನೆನೆದ ಓಪಲ್‌ಗೆ ಬಣ್ಣದಾಟ ಮರಳಿ ಬರುತ್ತದಾ?

ಹರಳುಹುಚ್ಚು:
ಇಥಿಯೋಪಿಯಾದ ವೆಲೋ ಓಪಲ್, ಕ್ಯಾಬೊಷಾನ್ (ಮುಖಗಳಿಲ್ಲದೆ ಉಬ್ಬಾಗಿ ನಯಮಾಡಿದ ಹರಳು), 4.10 ಕ್ಯಾರೆಟ್. ರಾತ್ರಿಯಿಡೀ ನೀರಿನಲ್ಲಿದ್ದು ಗಾಜಿನ ಚೂರಿನಂತಾಗಿದೆ, ಬಣ್ಣದಾಟ ಪೂರ್ತಿ ಮಾಯ. ಈಗಿನ ತೂಕ 4.52. ಕಲ್ಲು ಕೆಟ್ಟಿತಾ? ಹೇರ್ ಡ್ರೈಯರ್ ಹಿಡಿಯಬಹುದಾ? ಇನ್ನೊಂದು ಪ್ರಶ್ನೆ: ಒಣಗಿದ್ದಾಗಲೂ ಇದರಲ್ಲಿ ನೀಲಿ, ಹಸಿರು ಬಿಟ್ಟರೆ ಕೆಂಪು ಕಂಡಿದ್ದೇ ಇಲ್ಲ. ಯಾಕೆ?

ಸಾಣೆಚಕ್ರ:
ಕೆಟ್ಟಿಲ್ಲ. ಡ್ರೈಯರ್ ಹಿಡಿದರೆ ಮಾತ್ರ ಕೆಡುತ್ತದೆ!

ವೆಲೋ ಕಲ್ಲು ಹೈಡ್ರೋಫೇನ್ ಜಾತಿಯದು, ಮೈತುಂಬ ಸೂಕ್ಷ್ಮ ರಂಧ್ರ. ಏರಿದ 0.42 ಕ್ಯಾರೆಟ್ ಅಷ್ಟೂ ಕುಡಿದ ನೀರು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬಿಸಿಲು, ಫ್ಯಾನ್ ಎರಡೂ ತಾಗದ ಕಡೆ, ಮುಚ್ಚಳ ಸಡಿಲವಾಗಿರುವ ಡಬ್ಬಿಯಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣ ಬೇಡ. ಹೊರಮೈ ಬೇಗ ಒಣಗಿ ಕುಗ್ಗಿ, ಒಳಗೆ ಇನ್ನೂ ನೀರಿದ್ದರೆ, ಬತ್ತಿದ ಕೆರೆಯಂಗಳದಂತೆ ಬಲೆಬಲೆಯಾಗಿ ಬಿರಿಯುತ್ತದೆ. ಆ ಬಿರುಕಿಗೆ ಮದ್ದಿಲ್ಲ.

ದಿನಕ್ಕೊಮ್ಮೆ ತೂಗಿ. ಮೂರು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ತೆಳು ಕಲ್ಲಿಗೆ ಕೆಲವು ದಿನ ಸಾಕು, ದಪ್ಪದ್ದಕ್ಕೆ ವಾರಗಳೇ ಬೇಕಾಗಬಹುದು. ನಡುವೆ ಒಂದು ಹಂತದಲ್ಲಿ ಸೀಮೆಸುಣ್ಣದಂತೆ ಬೆಳ್ಳಗಾಗುತ್ತದೆ. ಬಹಳ ಜನ ಗಾಬರಿಬಿದ್ದು ಮತ್ತೆ ನೀರಿಗೆ ಹಾಕುವುದು ಆಗಲೇ. ಹಾಕಬೇಡಿ.

ನ್ಯಾನೊಗೋಲಿ:
ಬಣ್ಣದ ವಿಷಯ. ಓಪಲ್ ಒಳಗೆ ಸಿಲಿಕಾದ ಗೋಲಿಗಳು, ಅಂದಾಜು 150ರಿಂದ 350 ನ್ಯಾನೊಮೀಟರ್ ಅಗಲದವು, ಸಾಲಾಗಿ ಜೋಡಿಸಿಕೊಂಡಿವೆ. ಆ ಸಾಲುಗಳಲ್ಲಿ ಬೆಳಕು ವಿವರ್ತನೆಗೊಂಡು, ಅಂದರೆ ಚದುರಿ ಬೇರೆ ಬೇರೆ ದಿಕ್ಕಿಗೆ ಹೊರಳಿ, ಬಣ್ಣ ಒಡೆಯುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡರು. ಗೋಲಿ ಚಿಕ್ಕದಾದರೆ ನೀಲಿ, ದೊಡ್ಡದಾದರೆ ಕೆಂಪು. ದೊಡ್ಡ ಗೋಲಿಯ ಕಲ್ಲನ್ನು ಓರೆ ಮಾಡುತ್ತ ಹೋದರೆ ಕೆಂಪು ಹಸಿರಿಗೆ ಜಾರುತ್ತದೆ. ಚಿಕ್ಕ ಗೋಲಿಯ ಕಲ್ಲನ್ನು ಎತ್ತ ತಿರುಗಿಸಿದರೂ ಕೆಂಪು ಬರದು. ನಿಮ್ಮದು ಈ ಎರಡನೆಯ ಬಗೆ. ಗೋಲಿಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಯಾವ ಆಟವೂ ಇರುವುದಿಲ್ಲ, ಅದನ್ನು ಪಾಚ್ ಅನ್ನುತ್ತಾರೆ.

ನೆನೆದಾಗ ರಂಧ್ರದಲ್ಲಿದ್ದ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಗಾಳಿಗೆ 1.00, ನೀರಿಗೆ 1.33, ಓಪಲ್‌ಗೆ 1.45ರ ಆಸುಪಾಸು. ರಂಧ್ರದಲ್ಲಿರುವುದಕ್ಕೂ ಓಪಲ್‌ಗೂ ಇದ್ದ ಅಂತರ ಕುಗ್ಗಿದ್ದಕ್ಕೇ ಬಣ್ಣ ಮಂಕಾಗಿರುವುದು, ಗೋಲಿಗಳ ಸಾಲು ಕದಲಿಲ್ಲ.

ಮಿಂಚುಳ್ಳಿ:
ಒಣಗಿದ ಮೇಲೆ ಗ್ಲಿಸರಿನ್ ಅಥವಾ ಎಣ್ಣೆ ಸವರಿ ಇಟ್ಟರೆ ಬಿರುಕು ಬಿಡುವುದಿಲ್ಲ ಅಂತಾರಲ್ಲ?

ಸಾಣೆಚಕ್ರ:
ದಯವಿಟ್ಟು ಬೇಡ. ಹೈಡ್ರೋಫೇನ್ ಎಣ್ಣೆಯನ್ನೂ ಹೀರುತ್ತದೆ, ಆದರೆ ನೀರಿನಂತೆ ಅದು ಆರಿಹೋಗುವುದಿಲ್ಲ. ಕಲ್ಲು ಹಳದಿ ತಿರುಗಬಹುದು. ಸೋಪು, ಸೆಂಟು, ಬಣ್ಣದ ದ್ರಾವಣಗಳಿಗೂ ಇದೇ ಮಾತು. ಲೈಟ್ನಿಂಗ್ ರಿಡ್ಜ್, ಕೂಬರ್ ಪೀಡಿಯ ಆಸ್ಟ್ರೇಲಿಯಾ ಕಲ್ಲುಗಳು ಹೀರುವುದೇ ಇಲ್ಲವೆನ್ನಬಹುದು, ಹಾಗಾಗಿ ಅವಕ್ಕೆ ಎಣ್ಣೆಯಿಂದ ಲಾಭವೂ ಇಲ್ಲ. ಅಲ್ಟ್ರಾಸಾನಿಕ್ ಕ್ಲೀನರ್ ಯಾವ ಓಪಲ್‌ಗೂ ಸಲ್ಲದು.

ಹರಳುಹುಚ್ಚು:
ಕೊಳ್ಳುವ ಮುಂಚೆಯೇ ಹೀರುವ ಕಲ್ಲೆಂದು ಹೇಗೆ ತಿಳಿಯುವುದು?

ಸಾಣೆಚಕ್ರ:
ಒಣ ಕಲ್ಲಿನ ಹಿಂಬದಿಗೆ ಒಂದು ಹನಿ ನೀರು ಬಿಡಿ. ಇಂಗಿ ಅಲ್ಲಿ ಕಲೆಯಂತೆ ಕಂಡರೆ ಹೈಡ್ರೋಫೇನ್. ನಾಲಿಗೆಗೆ ಅಂಟುತ್ತದೆ ಎಂಬ ಹಳೆಯ ಪರೀಕ್ಷೆಯೂ ಸರಿಯೇ, ಆದರೆ ಬೇರೆಯವರ ಕಲ್ಲನ್ನು ನೆಕ್ಕುವುದು ಅಷ್ಟು ಚೆನ್ನಲ್ಲ. ನೀರಿನ ಬಾಟಲಿಯಲ್ಲಿಟ್ಟು ಮಾರುವ ಕಲ್ಲನ್ನು ಒಣಗಿಸಿ ತೂಗದೆ ಕೊಳ್ಳಬೇಡಿ. ಕ್ಯಾರೆಟ್ ಲೆಕ್ಕದಲ್ಲಿ ನೀರಿಗೂ ದುಡ್ಡು ಕೊಟ್ಟಂತೆ. ನೀರಲ್ಲಿದ್ದಾಗ ಕಾಣದ ಬಿರುಕು ಒಣಗಿದ ಮೇಲೆ ಕಾಣುವುದೂ ಉಂಟು.

ನ್ಯಾನೊಗೋಲಿ:
ಪಕ್ಕದಿಂದಲೂ ನೋಡಿ. ಬಣ್ಣದ ಪದರಕ್ಕೂ ಕಪ್ಪು ತಳಕ್ಕೂ ನಡುವೆ ಗೆರೆ ಎಳೆದಂತೆ ನೇರ ಅಂಚಿದ್ದರೆ ಎರಡು ಪದರ ಅಂಟಿಸಿದ ಡಬ್ಲೆಟ್ ಎಂದು ಅನುಮಾನಿಸಿ, ಮೇಲೆ ಬಣ್ಣವಿಲ್ಲದ ಗುಮ್ಮಟವೂ ಇದ್ದರೆ ಮೂರು ಪದರದ ಟ್ರಿಪ್ಲೆಟ್. ಕಬ್ಬಿಣಗಲ್ಲಿಗೆ ಸಹಜವಾಗಿಯೇ ಅಂಟಿಕೊಂಡು ಬರುವ ಬೌಲ್ಡರ್ ಓಪಲ್‌ನಲ್ಲಿ ಆ ಅಂಚು ಸಾಮಾನ್ಯವಾಗಿ ಅಂಕುಡೊಂಕು. ಅಂಟಿಸಿದವನ್ನು ನೀರಲ್ಲಿ ನೆನೆಸಿದರೆ ಅಂಟಿನೊಳಗೆ ನೀರು ನುಗ್ಗಿ ಮಬ್ಬು ಹಿಡಿಯುತ್ತದೆ, ಅದು ಒಣಗಿಸಿದರೂ ಹೋಗುವುದಿಲ್ಲ.